ಕಿಟಕಿ ಕಡೆಗೆ ಮುಖ

ಆಗಸ್ಟ್ ೪, ೨೦೨೫, ಸೋಮವಾರ

ವಿಷಯಕ್ಕೆ ಒಪ್ಪಿಗೆ ಸಿಕ್ಕಿತು! ಹಾಲಿನ ಸಂಘದವರು ಜನವರಿಯಲ್ಲಿ ಕೊಟ್ಟಿದ್ದ ಈ ದಿನಚರಿ ಪುಸ್ತಕ ಏಳು ತಿಂಗಳಿಂದ ಅಮ್ಮನ ಹಪ್ಪಳದ ಡಬ್ಬಕ್ಕೆ ಮುಚ್ಚಳವಾಗಿತ್ತು. ಇವತ್ತು ಬಿಡಿಸಿಕೊಂಡೆ. ಎಂ.ಎ. ಭಾಷಾವಿಜ್ಞಾನ, ಕೊನೆಯ ಸೆಮಿಸ್ಟರ್, ನನ್ನ ಮೊದಲ ಸಂಶೋಧನೆ. ಇಂಥ ದಿನಗಳನ್ನು ಬರೆದಿಡದಿದ್ದರೆ ಮುಂದೆ ಯಾರಾದರೂ ಕೇಳಿದಾಗ ಏನು ಹೇಳುವುದು?

ನನ್ನ ಗೈಡ್ ಕೋದಂಡಪ್ಪ ಸರ್ ಹಾಳೆಯನ್ನು ಎರಡು ಸಲ ಓದಿ, ಕನ್ನಡಕ ತೆಗೆದು, "ರೈಲಲ್ಲಿ ಹೆಂಗಸರು ಮಾತಾಡೋದನ್ನ ಯಾರಮ್ಮ ಪ್ರಬಂಧ ಮಾಡ್ತಾರೆ?" ಅಂದರು. ನಾನು ತಡವರಿಸುತ್ತಿರುವಾಗಲೇ "ಯಾರೂ ಮಾಡಿಲ್ಲ, ಅದಕ್ಕೇ ಮಾಡು" ಅಂದುಬಿಟ್ಟರು. ಕೆ.ಜಿ.ಎಫ್.ನಿಂದ ಬೆಂಗಳೂರಿಗೆ ಹೋಗುವ ಬೆಳಗಿನ ಪ್ಯಾಸೆಂಜರ್ ಗಾಡಿಯ ಲೇಡೀಸ್ ಬೋಗಿ. ಅಲ್ಲಿ ಕನ್ನಡ, ತಮಿಳು, ತೆಲುಗು ಯಾವಾಗ ಅದಲುಬದಲಾಗುತ್ತವೆ, ಯಾಕೆ ಆಗುತ್ತವೆ ಎಂಬುದು ನನ್ನ ವಿಷಯ. ಎರಡು ವರ್ಷದಿಂದ ದಿನಾ ಅದೇ ಬೋಗಿಯಲ್ಲಿ ಓಡಾಡುತ್ತಿರುವ ನನಗೆ ಇದಕ್ಕಿಂತ ಸುಲಭದ್ದು ಬೇರೆ ಏನಿದೆ?

ಸರ್ ಒಂದು ಷರತ್ತು ಹಾಕಿದ್ದಾರೆ. ಯಾರ ಮಾತನ್ನು ಧ್ವನಿಮುದ್ರಣ ಮಾಡಬೇಕೋ ಅವರಿಂದ ಮೊದಲು ಒಪ್ಪಿಗೆ ಪತ್ರ ಬರೆಸಿಕೊಳ್ಳಬೇಕು. ಆದರೆ ಮೊದಲೇ ಕೇಳಿದರೆ ಇವರೆಲ್ಲ ಸೆರಗು ಸರಿಮಾಡಿಕೊಂಡು ರೇಡಿಯೋದವರ ಹಾಗೆ ಮಾತಾಡಲು ಶುರುಮಾಡುತ್ತಾರೆ. ಮೊದಲು ಮುದ್ರಣ, ಆಮೇಲೆ ಸಹಿ. ಪತ್ರದಲ್ಲಿ ತಾರೀಖನ್ನು ಯಾರು ನೋಡುತ್ತಾರೆ? ನಾಳೆಯಿಂದ ಫೋನು ಬ್ಯಾಗಿನ ಹೊರಜೇಬಿನಲ್ಲಿ.

ಸೆಪ್ಟೆಂಬರ್ ೨೯ರೊಳಗೆ ಒಪ್ಪಿಸಲೇಬೇಕು. ತಮ್ಮ ಸಾಯಿಕುಮಾರ್ ನವೆಂಬರಿಗೆ ನರಸಾಪುರದ ಫ್ಯಾಕ್ಟರಿಗೆ ಸೇರುತ್ತಾನೆ. ಅವನು ಹೋದ ಮೇಲೆ ಬೆಳಕು ಹರಿಯುವ ಮೊದಲೇ ಬೈಕಿನಲ್ಲಿ ನನ್ನನ್ನು ಕೋರಮಂಡಲ್ ಸ್ಟೇಷನ್ನಿಗೆ ಬಿಡುವವರಿಲ್ಲ. ನಮ್ಮೂರು ಕ್ಯಾಸಂಬಳ್ಳಿ ಕಡೆಯಿಂದ ಆ ಹೊತ್ತಿಗೆ ಬಸ್ಸೂ ಇಲ್ಲ. ಈ ವರ್ಷ ಮುಗಿಸಿದರೆ ಮುಗಿಸಿದ ಹಾಗೆ, ಇಲ್ಲವಾದರೆ ಇಲ್ಲ.

ಆಗಸ್ಟ್ ೭, ಗುರುವಾರ

ನನ್ನ ಮಾಹಿತಿದಾರರು ಮೂವರು. ಹೆಸರು ಬಳಸಬಾರದು, ಆದ್ದರಿಂದ ಸಂಖ್ಯೆ.

ಮಾ-೧: ಸೆಲ್ವಿ, ಮನೆ ಕೆ.ಜಿ.ಎಫ್.ನ ಚಾಂಪಿಯನ್ ಸ್ಟೇಷನ್ನಿನ ಹತ್ತಿರ, ನಲವತ್ತೈದು ವರ್ಷ, ಮನೆಮಾತು ತಮಿಳು. ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಹೌಸ್‌ಕೀಪಿಂಗ್. ಗಾಡಿ ಹೊರಡುವ ಮಾರಿಕುಪ್ಪಂವರೆಗೂ ಹಿಂದಕ್ಕೆ ಹೋಗಿ ಹತ್ತಿ ನಮ್ಮೆಲ್ಲರಿಗೂ ಜಾಗ ಹಿಡಿಯುವವರು ಇವರು. ಒಬ್ಬರಿಗೆ ಟಿಫನ್ ಡಬ್ಬಿ, ಒಬ್ಬರಿಗೆ ಛತ್ರಿ, ಕಿಟಕಿ ಪಕ್ಕದ ನನ್ನ ಜಾಗಕ್ಕೆ ನೀಲಿ ಚೌಕಳಿಯ ಕರ್ಚೀಫು. ನಾನು ಹತ್ತುವ ಮೊದಲು ಎಷ್ಟೇ ಜನ ನುಗ್ಗಿ ಬಂದರೂ ಆ ಕರ್ಚೀಫಿನ ಮೇಲೆ ಯಾರೂ ಕೂರುವುದಿಲ್ಲ.

ಮಾ-೨: ವನಿತಾ, ಇವಳ ಮನೆಯೂ ಚಾಂಪಿಯನ್‌ನಲ್ಲೇ, ಮೂವತ್ತೆರಡು, ಮನೆಮಾತು ತಮಿಳು. ವೈಟ್‌ಫೀಲ್ಡ್ ಹತ್ತಿರ ಗಾರ್ಮೆಂಟ್ಸ್‌ನಲ್ಲಿ ಟೈಲರ್.

ಮಾ-೩: ಕದಿರಮ್ಮ, ಬಂಗಾರಪೇಟೆ ಪಕ್ಕದ ಹಳ್ಳಿ, ಅರವತ್ತರ ಮೇಲೆ, ಮನೆಮಾತು ತೆಲುಗು. ಹೊಲದ ಬದುಗಳಲ್ಲಿ ಕಿತ್ತ ಬೆರಕೆ ಸೊಪ್ಪನ್ನು ಕೆ.ಆರ್. ಪುರದಲ್ಲಿ ಮಾರುತ್ತಾರೆ.

ಇವತ್ತು ಒಂದು ಒಳ್ಳೆಯ ಉದಾಹರಣೆ ಸಿಕ್ಕಿತು. ಟ್ಯಾಕಲ್ ಬಂಡೆಗಳು ಕಾಣುವ ಹೊತ್ತಿಗೆ ಮಾ-೨ ಇದ್ದಕ್ಕಿದ್ದಂತೆ ಕನ್ನಡ ಬಿಟ್ಟು ಮಾ-೧ರ ಜೊತೆ ತಮಿಳಿಗೆ ಹೋದಳು. ದನಿ ತಗ್ಗಿಸಲಿಲ್ಲ, ಗುಟ್ಟೆಂಬಂತೆ ಬಗ್ಗಲೂ ಇಲ್ಲ. ಮಾ-೩ ತಕ್ಷಣ ಕಿಟಕಿ ಕಡೆ ತಿರುಗಿ ಬಂಡೆಗಳನ್ನು ನೋಡತೊಡಗಿದರು. ನಾನೂ ತಿರುಗಿದೆ. ರಾಬರ್ಟ್‌ಸನ್‌ಪೇಟೆಯಲ್ಲಿ ಹೈಸ್ಕೂಲು ಓದಿದವಳಿಗೆ ತಮಿಳನ್ನು ಯಾರೂ ಕಲಿಸಬೇಕಾಗಿಲ್ಲ. ಮುಖ ಕಿಟಕಿಗೆ, ಕಿವಿ ಒಳಕ್ಕೆ.

ಟಿಪ್ಪಣಿ: ಮಾ-೩ಕ್ಕೆ ತಮಿಳು ಬಾರದು. ಅರ್ಥವಾಗದ ಕಾರಣ ಬೇಸರವಾಗಿ ಹೊರಗೆ ನೋಡುತ್ತಾರೆ.

ಆಗಸ್ಟ್ ೧೨, ಮಂಗಳವಾರ

ಕೇಳಿದ್ದನ್ನು ಬರೆದಿಳಿಸುವುದು ಇಷ್ಟು ಕಷ್ಟವೆಂದು ಯಾವ ಪುಸ್ತಕವೂ ಹೇಳಿರಲಿಲ್ಲ. ಐದು ನಿಮಿಷದ ಮಾತಿಗೆ ಒಂದು ಇಡೀ ಸಂಜೆ. ನಡುವೆ ಕಡಲೆಕಾಯಿ ಮಾರುವವನ ಕೂಗು, ಮಗುವಿನ ಅಳು, ಹಳಿಯ ಸದ್ದು. ಹಾಲು ಕರೆದು ಬಂದ ಸಾಯಿಕುಮಾರ್ ಬಾಗಿಲಲ್ಲಿ ನಿಂತು, "ಅಕ್ಕಾ, ಅದೇ ಮಾತನ್ನ ನಲವತ್ತು ಸಲ ಕೇಳ್ತಾ ಇದೀಯ. ಆಯಮ್ಮ ಒಂದೇ ಸಲ ಯೋಳಿದ್ದು, ನಿಂಗಿನ್ನೂ ಅರ್ಥ ಆಗಿಲ್ವಾ?" ಎಂದ. ಅಮ್ಮ ಒಳಗಿನಿಂದ ನಕ್ಕಳು.

ಆದರೂ ಇವತ್ತಿನ ಸಂಜೆ ಸಾರ್ಥಕ. ಹನ್ನೊಂದು ನಿಮಿಷ ಒಂದೇ ಸಮನೆ ತಮಿಳು, ಕನ್ನಡದ ಒಂದು ಪದವೂ ನುಸುಳಿಲ್ಲ. ಮಾ-೨ ಗಾರ್ಮೆಂಟ್ಸ್ ಬಿಟ್ಟು ಮೂರು ತಿಂಗಳಾಯಿತಂತೆ. ಸೂಪರ್‌ವೈಸರ್ ಕೈಹಿಡಿದು ಎಳೆದನಂತೆ, ಇವಳು ಅವನ ಮುಖದ ಮೇಲೆ ಬಟ್ಟೆ ಎಸೆದು ಬಂದಳಂತೆ. ಈಗ ಒಂದು ಹೋಟೆಲಿನಲ್ಲಿ ಪಾತ್ರೆ ತೊಳೆಯುವ ಕೆಲಸ. ಮನೆಯಲ್ಲಿ ಗಂಡನಿಗೂ ಗೊತ್ತಿಲ್ಲ, ಅತ್ತೆಗೂ ಗೊತ್ತಿಲ್ಲ. ದಿನಾ ಕತ್ತರಿ, ಟೇಪು ಬ್ಯಾಗಿಗೆ ಹಾಕಿಕೊಂಡೇ ಹೊರಡುತ್ತಾಳೆ.

ಪಾಪ ಅನ್ನಿಸಿತು. ಆದರೆ ಹನ್ನೊಂದು ನಿಮಿಷ! ಇದನ್ನು ಪ್ರಬಂಧದ ನಡುಮಧ್ಯೆ ಇಡಬೇಕು.

ಆಗಸ್ಟ್ ೨೦, ಬುಧವಾರ

ಸೆಮಿನಾರು ಭರ್ಜರಿಯಾಯಿತು. ಆ ಹನ್ನೊಂದು ನಿಮಿಷದ ಪುಟಗಳನ್ನು ಒಂಬತ್ತು ಪ್ರತಿ ಮಾಡಿಸಿ ಕ್ಲಾಸಿನಲ್ಲಿ ಎಲ್ಲರಿಗೂ ಹಂಚಿದ್ದೆ. ತಮಿಳು ಮಾತು ಕನ್ನಡ ಲಿಪಿಯಲ್ಲಿ, ಕೆಳಗೆ ಅರ್ಥ, ಅಂಚಿನಲ್ಲಿ ನಿಮಿಷ, ಸೆಕೆಂಡು. ಕೆಲಸ ಕಳೆದುಕೊಂಡಂಥ ನಾಚಿಕೆಯ ವಿಷಯ ಬಂದಾಗ ಮನೆಮಾತಿಗೆ ಹೋಗುತ್ತಾರೆ ಎಂಬ ನನ್ನ ವಾದವನ್ನು ಯಾರೂ ಅಲ್ಲಗಳೆಯಲಿಲ್ಲ. ಸರ್ ಮಾತ್ರ ಪುಟವನ್ನು ಮೇಜಿನ ಮೇಲೆ ಬೋರಲು ಹಾಕಿ, "ಒಪ್ಪಿಗೆ ಪತ್ರ ಎಲ್ಲಿ?" ಎಂದು ಕೇಳಿದರು.

ಶುಕ್ರವಾರ ತರುತ್ತೇನೆ ಎಂದಿದ್ದೇನೆ. ಪತ್ರದ ಜೊತೆಗೆ ನನ್ನ ಈ ಪುಟಗಳನ್ನೂ ಪಿನ್ ಮಾಡಿ ತೋರಿಸುವೆ. ಯೂನಿವರ್ಸಿಟಿಯ ಕಾಗದದಲ್ಲಿ ತಮ್ಮ ಮಾತು ಅಚ್ಚಾಗಿರುವುದನ್ನು ನೋಡಿ ಅವರಿಗೂ ಖುಷಿಯಾಗಲಿ.

ಆಗಸ್ಟ್ ೨೨, ಶುಕ್ರವಾರ

ಹೇಗೆ ಬರೆಯಲಿ?

ಬಂಗಾರಪೇಟೆ ಬಿಟ್ಟ ಮೇಲೆ ಪತ್ರಗಳನ್ನು ಕೊಟ್ಟೆ. ಸೆಲ್ವಿಗೆ ಕನ್ನಡ ಓದಲು ಬರುವುದಿಲ್ಲ, ಕದಿರಮ್ಮನಿಗೆ ಯಾವುದೂ ಇಲ್ಲ. ವನಿತಾ "ನಾನ್ ಓದ್ತೀನಿ, ನಾನು ಒಂಬತ್ತರವರೆಗೂ ಕನ್ನಡ ಮೀಡಿಯಂ" ಎಂದು ಹೆಮ್ಮೆಯಿಂದ ಕೈಚಾಚಿದಳು. ಮೇಲಿನ ಪತ್ರವನ್ನು ಗಟ್ಟಿಯಾಗಿ ಓದಿದಳು. "ಏಯ್, ನಮ್ ಮಾತು ಬುಕ್ಕಲ್ಲಿ ಬತ್ತದಂತೆ!" ಎಂದು ಎಲ್ಲರೂ ನಕ್ಕರು. ಹಾಳೆ ತಿರುಗಿಸಿದಳು. "ಮಾ-೨... ಇದು ಯಾರು? ನಾನಾ?" ಎಂದು ಮತ್ತೆ ನಕ್ಕು ಓದತೊಡಗಿದಳು. ಎರಡನೇ ಸಾಲಿಗೆ ದನಿ ಕುಸಿಯಿತು. ಮೂರನೇ ಸಾಲನ್ನು ಬಾಯಲ್ಲಿ ಓದಲಿಲ್ಲ, ಕಣ್ಣಲ್ಲಿ ಮಾತ್ರ ಓದಿದಳು. ಪುಟ ಮುಗಿಯುವವರೆಗೂ ಓದಿ ಹಾಳೆಗಳನ್ನು ನಾಲ್ಕಾಗಿ ಮಡಿಚಿ ತನ್ನ ರವಿಕೆಯೊಳಗೆ ಇಟ್ಟುಕೊಂಡಳು. ಅಳಲಿಲ್ಲ, ನನ್ನನ್ನು ನೋಡಲೂ ಇಲ್ಲ.

ಏನಾಯಿತೆಂದು ಸೆಲ್ವಿಗೆ ತಮಿಳಿನಲ್ಲಿ ಎರಡೇ ಮಾತು ಹೇಳಿದಳು. ಕದಿರಮ್ಮ ಅಭ್ಯಾಸದಂತೆ ಕಿಟಕಿ ಕಡೆ ತಿರುಗಿದರು. ಸೆಲ್ವಿ ನನ್ನ ಕಡೆ ತಿರುಗಿ ಕನ್ನಡದಲ್ಲಿ ಹೇಳಿದರು:

"ಮಗಳ ತರ ನೋಡ್ಕೊಂಡ್ವಿ ಮಾ ನಿನ್ನ. ಓದ್ಲಿ ಅಂತ ಕಿಟಕಿ ಪಕ್ಕ ಕೂರ್ಸಿದ್ವಿ. ನೀನು ನಮ್ಮನ್ನೇ ಓದ್ತಾ ಇದ್ಯಾ?"

ಹೆಸರು ಹಾಕಿಲ್ಲ, ಸಂಖ್ಯೆ ಮಾತ್ರ, ಯಾರಿಗೂ ಗೊತ್ತಾಗುವುದಿಲ್ಲ ಎಂದೆಲ್ಲ ಹೇಳಿದೆ. ಹೇಳುತ್ತಾ ಹೇಳುತ್ತಾ ನನ್ನ ಮಾತು ನನಗೇ ಕೆಟ್ಟದಾಗಿ ಕೇಳಿಸಿತು. ವೈಟ್‌ಫೀಲ್ಡಿನಲ್ಲಿ ಇಳಿಯುವಾಗ ವನಿತಾ, "ಎಷ್ಟು ಜನ ಓದಿದ್ರು?" ಎಂದು ಕೇಳಿದಳು. ಒಂಬತ್ತು ಎಂದೆ.

ಆಗಸ್ಟ್ ೨೩, ಶನಿವಾರ

ಕರ್ಚೀಫು ಇರಲಿಲ್ಲ.

ಆಗಸ್ಟ್ ೨೫, ಸೋಮವಾರ

ಇವತ್ತೂ ಇಲ್ಲ. ನನ್ನ ಜಾಗದಲ್ಲಿ ಯಾರೋ ಆಂಡರ್ಸನ್‌ಪೇಟೆಯ ಹೆಂಗಸು ಕೂತಿದ್ದರು. ಬೆಂಗಳೂರಿನವರೆಗೂ ಬಾಗಿಲ ಬಳಿ ನಿಂತೆ. ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಆಗಸ್ಟ್ ೨೯, ಶುಕ್ರವಾರ

ಒಂಬತ್ತು ಪ್ರತಿಗಳನ್ನೂ ವಾಪಸ್ ಪಡೆದೆ. ಒಬ್ಬಳು ಅದರ ಹಿಂದೆ ಹಾಸ್ಟೆಲಿನ ಬಟ್ಟೆಯ ಲೆಕ್ಕ ಬರೆದಿದ್ದಳು, ಅದನ್ನೂ ಬಿಡಲಿಲ್ಲ. ಎಲ್ಲವನ್ನೂ ಬಚ್ಚಲ ಒಲೆಗೆ ಹಾಕಿದೆ. ಆಮೇಲೆ ಫೋನಿನಲ್ಲಿ ಇದ್ದದ್ದನ್ನೆಲ್ಲ ಅಳಿಸಿದೆ, ವನಿತಾಳದ್ದಷ್ಟೇ ಅಲ್ಲ. ಸರಿ ಮಾಡಿದೆನೋ, ನನ್ನ ಒಂದು ವರ್ಷವನ್ನು ನಾನೇ ಅಳಿಸಿಕೊಂಡೆನೋ ಗೊತ್ತಿಲ್ಲ.

ಸಂಜೆ ವಾಪಸ್ ಬರುವಾಗ ಬಂಗಾರಪೇಟೆಯಲ್ಲಿ ಗಾಡಿ ಬಹಳ ಹೊತ್ತು ನಿಂತಿತು. ಕದಿರಮ್ಮ ಖಾಲಿ ಗೋಣಿಚೀಲ ಮಡಿಚಿಕೊಂಡು ಇಳಿದು ಪ್ಲಾಟ್‌ಫಾರಂ ಕಲ್ಲುಬೆಂಚಿನ ಮೇಲೆ ಕೂತಿದ್ದರು. ನಾನೂ ಇಳಿದು ಪಕ್ಕದಲ್ಲಿ ಕೂತೆ. ಏನು ಮಾತಾಡುವುದೆಂದು ತಿಳಿಯದೆ, "ಅಜ್ಜೀ, ನಿಮಗಾದರೂ ತಮಿಳು ಬರಲ್ಲ, ಅವತ್ತಿನ ಮಾತು ಗೊತ್ತಾಗಿರಲ್ಲ" ಎಂದೆ.

ಅವರು ನನ್ನನ್ನೇ ನೋಡಿದರು. "ಯಾರು ಯೋಳಿದ್ದು ಬರಾಕಿಲ್ಲ ಅಂತ? ಮೂವತ್ತು ವರ್ಸ ಇದೇ ಗಾಡೀಲಿ ಸೊಪ್ಪು ಒತ್ಕೊಂಡು ಓಗಿವ್ನಿ. ಬರ್ದೆ ಇರ್ತದಾ? ವನಿತಾ ಯೋಳಿದ್ದು ಅಷ್ಟೂ ತಿಳೀತು ನಂಗೆ."

"ಮತ್ತೆ ಯಾಕಜ್ಜಿ ಕಿಟಕಿ ಕಡೆ ತಿರುಗಿದ್ದು?"

"ಅವ್ಳು ಬಾಗ್ಲು ಆಕ್ಕೊಂಡ್ಳಲ್ಲ, ಅದಕ್ಕೆ. ಬೋಗೀಲಿ ಗೋಡೆ ಐತಾ, ಕೋಣೆ ಐತಾ? ಒಬ್ರ ತೊಡೆ ಮೇಲೊಬ್ರು ಕೂತಿರ್ತೀವಿ. ಕಷ್ಟ ಬಂದ್ರೆ ಎಲ್ಲೋಗಿ ಯೋಳ್ಕೋಬೇಕು? ಮಾತು ತಿರುಗ್ಸಿದ್ಳು ಅಂದ್ರೆ ಬಾಗ್ಲು ಆಕ್ಕೊಂಡ್ಳು ಅಂತ. ನಾವು ಮುಖ ತಿರುಗ್ಸಿದ್ವಿ ಅಂದ್ರೆ ಅಗುಳಿ ಆಕಿದ್ವಿ ಅಂತ. ನಾನು ತೆಲುಗಲ್ಲಿ ನನ್ ಸೊಸೆ ಮೇಲೆ ಬೇಜಾರು ಯೋಳ್ಕೊಂಡಾಗ ಆ ಸೆಲ್ವಿ ಏನು ನೋಡ್ತಾಳೆ ಗೊತ್ತಾ? ಫ್ಯಾನು ನೋಡ್ತಾಳೆ. ತಿರುಗ್ದೇ ಇರೋ ಫ್ಯಾನು! ಅವ್ಳಿಗೆ ತೆಲುಗು ಬರಾಕಿಲ್ಲ ಅಂದ್ಕೊಂಡಿದ್ಯಾ?"

ಅಂದುಕೊಂಡಿದ್ದೆ. ಬರೆದೂ ಇಟ್ಟಿದ್ದೆ.

"ನೀನು ಅಗುಳಿ ಆಕ್ದಂಗೆ ಮಾಡಿ ಒಳ್ಗೇ ಕೂತಿದ್ದೆ ಕಣಮ್ಮ" ಎಂದು ಎದ್ದು ಹೊರಟರು. ಎರಡು ಹೆಜ್ಜೆ ಹೋಗಿ ತಿರುಗಿ, "ಗಾಡಿ ಬಿಡ್ತಾನೆ, ಓಗಿ ಅತ್ಕೋ" ಎಂದರು.

ಎರಡು ವರ್ಷ ಓದಿದ ನನಗೆ ತಿಳಿಯದೇ ಇದ್ದದ್ದು ಇದು. ನಾಚಿಕೆಯಾಯಿತು, ತುಂಬಾ ನಾಚಿಕೆಯಾಯಿತು.

ಸೆಪ್ಟೆಂಬರ್ ೨, ಮಂಗಳವಾರ

ಸರ್‌ಗೆ ಎಲ್ಲ ಹೇಳಿದೆ. ಕೂಗಾಡುತ್ತಾರೆ ಎಂದುಕೊಂಡಿದ್ದೆ. "ಆ ಹಾಳೆಗಳ ಮೇಲೆ ನಾನಂತೂ ಸಹಿ ಹಾಕ್ತಿರಲಿಲ್ಲ. ಅಳಿಸಿದ್ದು ಒಳ್ಳೇದಾಯ್ತು. ಈಗ ಏನುಳೀತು?" ಎಂದರು.

"ಏನೂ ಇಲ್ಲ ಸರ್."

"ಇನ್ನು ನಾಲ್ಕು ವಾರ ಇದೆ. ರಾಬರ್ಟ್‌ಸನ್‌ಪೇಟೆ ಅಂಗಡಿ ಬೋರ್ಡುಗಳ ಮೇಲೆ ಮಾಡಿಬಿಡು. ಯಾವ ಭಾಷೆ ಮೇಲೆ, ಯಾವುದು ಕೆಳಗೆ, ಯಾವ ಅಕ್ಷರ ದೊಡ್ಡದು. ಬೋರ್ಡು ಯಾರ ಮೇಲೂ ಮುನಿಸಿಕೊಳ್ಳಲ್ಲ."

ಪಾಸಾಗಲು ಸಾಕಾಗುತ್ತದೆ. ಹ್ಞೂಂ ಎಂದೆ.

ಸೆಪ್ಟೆಂಬರ್ ೭, ಭಾನುವಾರ

ಬೆಳಿಗ್ಗೆಯಿಂದ ರಾಬರ್ಟ್‌ಸನ್‌ಪೇಟೆಯಲ್ಲಿ ಬೋರ್ಡುಗಳ ಫೋಟೋ ತೆಗೆದೆ. ಒಟ್ಟು ನೂರ ಹನ್ನೆರಡು. ಬಟ್ಟೆ ಅಂಗಡಿಯವರೊಬ್ಬರು ಮುನಿಸಿಪಾಲಿಟಿಯಿಂದ ಬಂದಿದ್ದೇನೆಂದು ತಿಳಿದು ನನಗೆ ಟೀ ತರಿಸಿದರು. ಇಲ್ಲವೆಂದು ಹೇಳಿದ ಮೇಲೆ ಟೀ ಕೊಟ್ಟದ್ದಕ್ಕೆ ಬೇಜಾರು ಮಾಡಿಕೊಂಡರು.

ತರಕಾರಿ ಮಾರ್ಕೆಟ್ಟಿನ ಹತ್ತಿರ ಒಬ್ಬರು ವಯಸ್ಸಾದ ಹೆಂಗಸು ನನ್ನ ಕೈಹಿಡಿದು ನಿಲ್ಲಿಸಿದರು. "ನೀ ವನಿತಾ ಕೂಡ ರೈಲ್ಲ ಪೋರ ಪೊಣ್ಣುದಾನೇ?" ವನಿತಾ ಜೊತೆ ರೈಲಿನಲ್ಲಿ ಹೋಗುವ ಹುಡುಗಿ ನೀನೇ ಅಲ್ಲವಾ, ಎಂದು. ವರಮಹಾಲಕ್ಷ್ಮಿ ಹಬ್ಬದ ದಿನ ಬೋಗಿಯಲ್ಲಿ ತೆಗೆದ ಫೋಟೋದಲ್ಲಿ ನನ್ನನ್ನು ನೋಡಿದ್ದರಂತೆ. ವನಿತಾಳ ಅತ್ತೆ.

ನಾನು ತಲೆಯಾಡಿಸುವಷ್ಟರಲ್ಲಿ ಅವರು ತಮಿಳಿನಲ್ಲೇ ಮುಂದುವರಿಸಿದರು. ಗಾರ್ಮೆಂಟ್ಸ್‌ನಲ್ಲಿ ಎಲ್ಲ ಸರಿಯಾಗಿದೆಯಾ? ಬಟ್ಟೆ ಹೊಲಿಯುವವಳ ಕೈ ಯಾಕೆ ಹಾಗೆ ಬಿರಿದಿದೆ, ಉಗುರಿನ ಸಂದಿಯೆಲ್ಲ ಯಾಕೆ ಬಿಳುಚಿಕೊಂಡಿದೆ? ಕೇಳಿದರೆ ಏನೂ ಇಲ್ಲ ಎನ್ನುತ್ತಾಳೆ. ನಿನಗೆ ಗೊತ್ತಿರುತ್ತದಲ್ಲ, ಹೇಳು ಕಣ್ಣೂ. ಈ ಅತ್ತೆ ಕೆಟ್ಟ ಹೆಂಗಸಲ್ಲ. ಕಣ್ಣಲ್ಲಿ ನಿಜವಾದ ಕಳವಳ ಇತ್ತು.

ಒಂದೊಂದು ಮಾತೂ ನನಗೆ ತಿಳಿಯಿತು. ತಿಳಿಯದವಳ ಹಾಗೆ ನಕ್ಕೆ. "ಅಮ್ಮಾ, ನಂಗೆ ತಮಿಳು ಬರಲ್ಲ" ಎಂದೆ. ಅವರು ಕನ್ನಡದಲ್ಲಿ "ಕೈ... ವನಿತಾ ಕೈ..." ಎಂದು ಪದ ಹುಡುಕುತ್ತಿದ್ದರು. ಬಸ್ಸು ಬಂತಮ್ಮಾ ಎಂದು ಓಡಿದೆ. ಯಾವ ಬಸ್ಸೂ ಬಂದಿರಲಿಲ್ಲ.

ಸೆಪ್ಟೆಂಬರ್ ೯, ಮಂಗಳವಾರ

ಬಾಗಿಲ ಬಳಿಯೇ ನಿಂತುಬಿಟ್ಟಿದ್ದೆ, ಒಳಗೆ ನೋಡಿರಲಿಲ್ಲ. ಬೋಗಿಯ ಒಳಗಿನಿಂದ ಒಂದು ದನಿ ಬಂತು: "ಏಯ್ ಶ್ಯಾಮಲ, ಅಲ್ಲೇನು ಕಂಡಕ್ಟರ್ ಕೆಲಸ ಮಾಡ್ತಾ ಇದ್ಯಾ?"

ವನಿತಾ. ಕಿಟಕಿ ಪಕ್ಕ ನೀಲಿ ಚೌಕಳಿಯ ಕರ್ಚೀಫು.

ಕೂತೆ. ಬಂಗಾರಪೇಟೆ ಬಂತು. ಕದಿರಮ್ಮ ಹತ್ತಿ ನನ್ನನ್ನು ನೋಡಿ, ಏನೂ ಆಗದ ಹಾಗೆ ಸೊಪ್ಪಿನ ಚೀಲವನ್ನು ನನ್ನ ಕಾಲ ಮೇಲೆ ಇಟ್ಟರು. ಆಗ ವನಿತಾ ಶುರು ಮಾಡಿದಳು. "ನಮ್ಮತ್ತೆ ಭಾನುವಾರದಿಂದ ಒಂದೇ ಸಮ ಕೇಳ್ತಾ ಇದಾರೆ. ಆ ಹುಡುಗಿ ಯೂನಿವರ್ಸಿಟೀಲಿ ಭಾಷೆ ಓದ್ತಾಳೆ ಅಂದ್ಯಲ್ಲ, ಕೆ.ಜಿ.ಎಫ್.ನಲ್ಲಿದ್ಕೊಂಡು ತಮಿಳು ಒಂದಕ್ಷರ ಬರಲ್ವಂತೆ, ಅದ್ಯಾವ ಸೀಮೆ ಓದು ಅಂತ!"

ಸೆಲ್ವಿ ಅಕ್ಕ ನಕ್ಕ ನಗುವಿಗೆ ಎದುರಿನ ಸೀಟಿನ ಮಗು ಎದ್ದು ಅತ್ತಿತು. ನಾನೂ ನಕ್ಕೆ, ಆಮೇಲೆ ಅದೆಲ್ಲಿಂದಲೋ ಅಳು ಬಂತು. ತಪ್ಪಾಯಿತು ಎಂದೆ. ಒಂಬತ್ತು ಪ್ರತಿ ಸುಟ್ಟೆ, ಎಲ್ಲ ಅಳಿಸಿದೆ ಎಂದೆ.

"ಎಲ್ಲಾನೂ? ನಂದು ಮೀನು ಸಾರು ಸಮಾಚಾರಾನೂನಾ?" ಎಂದರು ಸೆಲ್ವಿ ಅಕ್ಕ, ನಿಜವಾದ ದುಃಖದಲ್ಲಿ.

ಸೆಪ್ಟೆಂಬರ್ ೧೨, ಶುಕ್ರವಾರ

ಬೋಗಿಯಲ್ಲಿ ಪಂಚಾಯಿತಿ ನಡೆಯಿತು. ಪ್ರಬಂಧ ಒಪ್ಪಿಸಲು ಎಷ್ಟು ದಿನ ಉಳಿದಿದೆ ಎಂದು ಕೇಳಿ ಮೂವರೂ ಗಾಬರಿಯಾದರು. ನಾನು ಕೇಳುವ ಮೊದಲೇ ವನಿತಾ "ಆ ಬೋರ್ಡುಗಳನ್ನ ಬಿಡು, ನಮ್ಮನ್ನೇ ರೆಕಾರ್ಡು ಮಾಡ್ಕೋ" ಎಂದಳು. ಪತ್ರವನ್ನು ಅವಳೇ ಮತ್ತೊಮ್ಮೆ ಗಟ್ಟಿಯಾಗಿ ಓದಿದಳು, ಸಹಿಯನ್ನೂ ಮೊದಲು ಅವಳೇ ಹಾಕಿದಳು. ಕದಿರಜ್ಜಿಯ ಹೆಬ್ಬೆಟ್ಟಿಗೆ ಇಂಕು ಸಿಗದೆ ಸೆಲ್ವಿ ಅಕ್ಕನ ಕಾಡಿಗೆ ಡಬ್ಬಿ ಬೇಕಾಯಿತು.

ಅವರ ಕರಾರು ಹೀಗಿದೆ. ಫೋನು ಎಲ್ಲರ ಕಣ್ಣಿಗೆ ಬೀಳುವಂತೆ ಸೊಪ್ಪಿನ ಚೀಲದ ಮೇಲೆ ಇರಬೇಕು. ಯಾರಿಗೆ ಬಾಗಿಲು ಹಾಕಿಕೊಳ್ಳಬೇಕು ಅನ್ನಿಸುತ್ತದೋ ಅವರು ಫೋನಿನ ರೆಕಾರ್ಡು ನಿಲ್ಲಿಸಿ ಚೀಲದೊಳಗೆ ಇಡಬಹುದು, ಯಾಕೆಂದು ನಾನು ಕೇಳಬಾರದು. ಮತ್ತೆ ನನ್ನ ಮಾತೂ ಅದರಲ್ಲಿ ಇರಬೇಕು. "ನಮ್ದು ಮಾತ್ರ ಬೀಳೋದು, ನಿಂದು ಬೀಳ್ದೆ ಇರೋದು ಯಾವ್ ನ್ಯಾಯ?" ಎಂದರು ಕದಿರಜ್ಜಿ. ಆದ್ದರಿಂದ ಮಾ-೪ ನಾನೇ. ಸಂಖ್ಯೆ ಬೇಡ, ಬೇರೆ ಹೆಸರು ಇಡು ಎಂಬುದು ಸೆಲ್ವಿ ಅಕ್ಕನ ಬೇಡಿಕೆ. ಅವರಿಗೆ 'ಮಹಾರಾಣಿ' ಎಂದೇ ಆಗಬೇಕಂತೆ.

ಮೊದಲ ಹತ್ತು ನಿಮಿಷ ನಾನು ಹೆದರಿದಂತೆಯೇ ಆಯಿತು, ಮೂವರೂ ರೇಡಿಯೋದವರಾದರು. ಮಾಲೂರಿನಲ್ಲಿ ಯಾರೋ ಸೆಲ್ವಿ ಅಕ್ಕನ ಕಾಲು ತುಳಿದರು, ರೇಡಿಯೋ ಅಲ್ಲಿಗೆ ಮುಗಿಯಿತು.

ಸೆಪ್ಟೆಂಬರ್ ೧೮, ಗುರುವಾರ

ಒಟ್ಟು ನಾಲ್ಕು ಗಂಟೆಗಳಷ್ಟು ಮಾತು ಸಿಕ್ಕಿದೆ, ಆದರೆ ಒಂಬತ್ತು ಕಡೆ ಖಾಲಿ. ಭಾಷೆ ಬದಲಾಗುವ ಹೊತ್ತಿಗೆ ಸರಿಯಾಗಿ ಯಾರದ್ದಾದರೂ ಕೈ ಬಂದು ಫೋನು ಚೀಲ ಸೇರುತ್ತದೆ. ನನ್ನ ವಿಷಯವೇ ಭಾಷೆ ಬದಲಾಗುವುದು! ತಲೆ ಮೇಲೆ ಕೈ ಹೊತ್ತು ಸರ್ ಮುಂದೆ ಕೂತೆ.

"ಫೋನು ಚೀಲದಲ್ಲಿದ್ದಾಗ ನೀನೇನು ಮಾಡ್ತಿದ್ದೆ?"

"ಕಿಟಕಿ ಕಡೆ ನೋಡ್ತಿದ್ದೆ ಸರ್."

"ಬಾಕಿಯವರು?"

ಕದಿರಜ್ಜಿ ಬಂಡೆ, ಸೆಲ್ವಿ ಅಕ್ಕ ಫ್ಯಾನು, ವನಿತಾ ತನ್ನ ಉಗುರು ಎಂದೆ. ಭಾಷೆ ಬರುವವರು ಯಾರು, ಬಂದೂ ಬಾರದ ಹಾಗೆ ಕೂರುವವರು ಯಾರು, ಬಾಗಿಲು ಮತ್ತೆ ತೆಗೆಯಿತು ಎಂಬುದು ಹೇಗೆ ಗೊತ್ತಾಗುತ್ತದೆ, ಎಲ್ಲ ಹೇಳುತ್ತಾ ಹೋದೆ. ಬಾಗಿಲು ತೆಗೆಯುವುದು ಯಾವಾಗಲೂ ಕನ್ನಡದಲ್ಲಿ, ಯಾವಾಗಲೂ ತಿನ್ನುವ ವಿಷಯದಲ್ಲಿ. "ಚಿತ್ರಾನ್ನ ತಿಂತೀರಾ?" ಎಂದರೆ ಎಲ್ಲರ ಮುಖವೂ ಒಳಗೆ ತಿರುಗುತ್ತದೆ.

ಸರ್ ಕನ್ನಡಕ ತೆಗೆದರು. "ಒಳಗೆ ಏನು ಮಾತಾಡಿದ್ರು ಅನ್ನೋದು ನಿನಗೆ ಬೇಡ. ಹೊರಗೆ ಕೂತವರು ಹೇಗೆ ಕೂತಿದ್ರು ಅನ್ನೋದನ್ನ ಬರಿ. ಆ ಖಾಲಿ ಜಾಗಗಳೇ ನಿನ್ನ ಅಧ್ಯಾಯ."

ಬರುವಾಗ ನಿಲ್ಲಲು ಜಾಗವಿಲ್ಲದ ಗಾಡಿಯಲ್ಲೂ ಬರೆಯುತ್ತಲೇ ಬಂದೆ. ರಾತ್ರಿ ಊಟಕ್ಕೆ ಕೂತಾಗ ಅಮ್ಮ ಅಪ್ಪನಿಗೆ ತೆಲುಗಿನಲ್ಲಿ ನನ್ನ ವಿಷಯ ಏನೋ ಹೇಳಿದಳು. ಸಾಯಿಕುಮಾರ್ ತಕ್ಷಣ ಟಿವಿ ಕಡೆ ತಿರುಗಿದ. ಟಿವಿ ಆಫ್ ಆಗಿತ್ತು. ಇಪ್ಪತ್ಮೂರು ವರ್ಷ ಈ ಮನೆಯಲ್ಲಿ ಊಟ ಮಾಡಿದ್ದೇನೆ, ಇವತ್ತು ನೋಡಿದೆ.

ಸೆಪ್ಟೆಂಬರ್ ೨೯, ಸೋಮವಾರ

ಒಪ್ಪಿಸಿದೆ! ತೊಂಬತ್ತಾರು ಪುಟ. ಸರ್ ಸಹಿ ಹಾಕುವ ಮೊದಲು ಒಪ್ಪಿಗೆ ಪತ್ರಗಳ ತಾರೀಖನ್ನು ಒಂದೊಂದಾಗಿ ನೋಡಿದರು. ಕಾಡಿಗೆಯ ಹೆಬ್ಬೆಟ್ಟನ್ನು ಬಹಳ ಹೊತ್ತು ನೋಡಿದರು. ಮೌಖಿಕ ಪರೀಕ್ಷೆ ಮುಂದಿನ ಸೋಮವಾರ.

ಸೆಪ್ಟೆಂಬರ್ ೩೦, ಮಂಗಳವಾರ

ನಾಳೆ ಆಯುಧಪೂಜೆಯ ರಜೆ. ಅದಕ್ಕೆ ಇವತ್ತೇ ಬೋಗಿಯ ಪೂಜೆ. ಸೆಲ್ವಿ ಅಕ್ಕ ಮಾರಿಕುಪ್ಪಂನಿಂದಲೇ ಕಿಟಕಿ ಸರಳುಗಳಿಗೆಲ್ಲ ಚೆಂಡುಹೂವು ಕಟ್ಟಿಕೊಂಡು ಬಂದಿದ್ದರು. ಸೀಟಿನ ಮೇಲೆ ಬಾಳೆ ಎಲೆ ಹಾಸಿ, ಅವರವರ ಕೆಲಸದ ಸಾಮಾನು ಇಡಬೇಕು. ಕದಿರಜ್ಜಿಯ ಕುಡುಗೋಲು. ಸೆಲ್ವಿ ಅಕ್ಕನ ಕೈಗವಸು. ನನ್ನದೇನು ಎಂದು ಯೋಚಿಸುವಷ್ಟರಲ್ಲಿ ಕದಿರಜ್ಜಿ ನನ್ನ ಫೋನು ಕಿತ್ತುಕೊಂಡು, ಅರಿಶಿನ ಕುಂಕುಮ ಹಚ್ಚಿ ಎಲೆಯ ಮೇಲೆ ಇಟ್ಟರು. ಈಗಲೂ ಕ್ಯಾಮೆರಾದಲ್ಲಿ ಲೋಕವೆಲ್ಲ ಕೆಂಪಗೆ ಕಾಣುತ್ತಿದೆ.

ವನಿತಾ ಬ್ಯಾಗಿಗೆ ಕೈಹಾಕಿದಳು. ಎಲ್ಲರೂ ಕತ್ತರಿ ಬರುತ್ತದೆ ಎಂದು ಕಾಯುತ್ತಿದ್ದೆವು. ಅವಳು ಹೊರತೆಗೆದದ್ದು ಉದ್ದ ಹಿಡಿಯ ಸೌಟು.

"ಹೋಟೆಲಲ್ಲಿ ನನ್ನನ್ನ ಪಾತ್ರೆ ತೊಳೆಯೋದ್ರಿಂದ ಒಲೆ ಹತ್ರ ಹಾಕಿದ್ದಾರೆ. ಸಾಂಬಾರು ಇನ್ಮೇಲೆ ನಂದೇ" ಎಂದಳು, ಕನ್ನಡದಲ್ಲಿ, ಬೋಗಿಗೆಲ್ಲ ಕೇಳುವ ಹಾಗೆ. "ಮನೇಲಿ ಹೇಳ್ದೆ. ಅತ್ತೆ ಒಂದು ದಿನ ಮಾತಾಡಿಸಲಿಲ್ಲ. ಆಮೇಲೆ ಕೈಗೆ ಕೊಬ್ಬರಿ ಎಣ್ಣೆ ತಂದುಕೊಟ್ರು." ಯಾರೂ ಕಿಟಕಿ ಕಡೆ ತಿರುಗಲಿಲ್ಲ. ಮಂಗಳಾರತಿಯನ್ನು ಅವಳ ಕೈಯಿಂದಲೇ ಮಾಡಿಸಿದೆವು.

ಸಂಜೆ ವಾಪಸ್ ಬರುವಾಗ ಹೂವು ಬಾಡಿತ್ತು, ಗಾಡಿ ಖಾಲಿಯಿತ್ತು. ಟ್ಯಾಕಲ್ ಹತ್ತಿರ ಬರುತ್ತಿದ್ದಂತೆ ಸೆಲ್ವಿ ಅಕ್ಕ ನನ್ನ ಮುಖ ನೋಡಿ, ವನಿತಾಳ ಮುಖ ನೋಡಿ, ಸಟ್ಟನೆ ತಮಿಳಿಗೆ ಹೋದರು. ದನಿ ತಗ್ಗಿಸಲಿಲ್ಲ. ಕದಿರಜ್ಜಿ ಕೂಡ ತಮಿಳಿನಲ್ಲೇ ಸೇರಿಕೊಂಡರು, ಎಷ್ಟು ಚೆಂದದ ತಮಿಳು! ನನ್ನ ಹೆಸರು ಬಂತು, ಸೋಮವಾರದ ಪರೀಕ್ಷೆ ಬಂತು, ಒಂದು ಬಣ್ಣದ ಬಗ್ಗೆ ವಾದವಾಯಿತು, ವನಿತಾ ಗೆದ್ದಳು.

ಏನು ಮಾತಾಡಿದರೆಂದು ಇಲ್ಲಿಯೂ ಬರೆಯುವುದಿಲ್ಲ. ನಾನು ಕಿಟಕಿ ಕಡೆ ಮುಖ ಮಾಡಿ ಬಂಡೆಗಳನ್ನು ನೋಡುತ್ತಿದ್ದೆ. ಬಿಸಿಲು ಇಳಿಯುತ್ತಿತ್ತು, ಬಂಡೆಗಳು ತುಂಬಾ ಚೆನ್ನಾಗಿದ್ದವು. ಕಣ್ಣು ಒದ್ದೆಯಾದದ್ದು ಅವರಿಗೆ ಕಾಣಲಿಲ್ಲ, ಕಂಡಿದ್ದರೂ ಕಂಡಿಲ್ಲ.

"ಶ್ಯಾಮಲ, ಕಡಲೆಕಾಯಿ ತಿಂತೀಯಾ?" ಎಂದರು ಸೆಲ್ವಿ ಅಕ್ಕ. ಮುಖ ತಿರುಗಿಸಿದೆ.

ಸೋಮವಾರ ಬೆಳಿಗ್ಗೆ ನನಗೆ ಬಹಳ ಆಶ್ಚರ್ಯವಾಗಬೇಕಾಗಿದೆ. ಅಲ್ಲಿಯವರೆಗೆ ಇನ್ನೂ ಐದು ದಿನ ರಜೆ. ಕನ್ನಡಿಯ ಮುಂದೆ ಅಭ್ಯಾಸ ಮಾಡಿಕೊಳ್ಳಬೇಕು.